ಬಾಗಿಲು ಹಾಕಿದ ಫಂಡು, ಅರ್ಧವಾದ ಶೆಡ್ಡು

ಮ್ಯೂಚುವಲ್ ಫಂಡಿನ ವಿಚಾರಕ್ಕೆ ಯಾರಾದರೂ ನನ್ನ ಹತ್ತಿರ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, 'ಆ ದುಡ್ಡು ಯಾವತ್ತು ಬೇಕು?' ಎಷ್ಟು ಬೆಳೆದಿದೆ, ಎಷ್ಟು ಸ್ಟಾರ್ ಕೊಟ್ಟಿದ್ದಾರೆ, ಭಾವಮೈದ ಯಾವುದಕ್ಕೆ ಹಾಕಿದ್ದಾನೆ ಎಂಬುದೆಲ್ಲ ಆಮೇಲಿನ ಮಾತು. ಕೇಳಿದವರಿಗೆ ಇದು ರುಚಿಸುವುದಿಲ್ಲ. ಅವರಿಗೆ ಬೇಕಾದದ್ದು ಫಂಡಿನ ಹೆಸರು. ರೇಗಿ ಎದ್ದು ಹೋದವರೂ ಇದ್ದಾರೆ. ಹೋಗಲಿ, ನನಗೇನು. ಈ ಪ್ರಶ್ನೆ ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ಕೊರೊನಾ ಬಂದ ವರ್ಷ ರಾಮನಗರದ ನನ್ನ ಶೆಡ್ಡಿನಲ್ಲಿ ಉಸಿರು ಕಟ್ಟಿ ಕೂತಿದ್ದಾಗ ಕಲಿತದ್ದು.

ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿಯಬೇಕು. ತಂದು ಬೇಯಿಸಿ, ಎಳೆ ಎತ್ತಿ, ರಾಟೆಗೆ ಸುತ್ತಿ, ನೂಲು ಮಾರಿ, ಅದೇ ದುಡ್ಡಿನಲ್ಲಿ ಮತ್ತೆ ಗೂಡು ಹಿಡಿಯಬೇಕು. ನನ್ನದು ಹತ್ತು ಬೇಸಿನ್ನಿನ ಘಟಕ. ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ಕೂತು, ನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಎತ್ತಿ ಜೋಡಿಸುತ್ತಾಳೆ. ರಸ್ತೆಬಾಗಿಲ ಪಕ್ಕದ ಮೊದಲನೇ ಬೇಸಿನ್ ಒಬ್ಬಳೇ ಹೆಂಗಸಿನದು. ಘಟಕ ಶುರುವಾದ ದಿನದಿಂದ ಅಲ್ಲಿ ಬೇರೆ ಯಾರೂ ಕೂತದ್ದಿಲ್ಲ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು, ಬಾಯಲ್ಲಿ ಬಹಳ ದೊಡ್ಡವಳು. ಎಳೆ ಪದೇ ಪದೇ ಕಡಿದರೆ ಗೂಡಿಗೆ ಬೈಯುತ್ತಿರಲಿಲ್ಲ, ಗೂಡು ತಂದ ನನಗೆ ಬೈಯುತ್ತಿದ್ದಳು. "ಕಣ್ಣು ಮಾರ್ಕೆಟ್ನಾಗೇ ಬುಟ್ಟು ಬಂದ್ಯಾ ಅಣ್ಣಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದಳು.

ಶೆಡ್ಡು ಮಾತ್ರ ನಮ್ಮದಲ್ಲ. ಅದರ ಮಾಲೀಕರು ಒಬ್ಬ ಹಾಜಿ ಸಾಹೇಬರು, ಹಿಂದೆ ಅವರೂ ನೂಲು ಬಿಚ್ಚುತ್ತಿದ್ದವರೇ. ಮಂಡಿ ನೋವು ಹೆಚ್ಚಾದ ಮೇಲೆ ಕೆಲಸ ಬಿಟ್ಟು ನನಗೆ ಬಾಡಿಗೆಗೆ ಕೊಟ್ಟಿದ್ದರು. ಅದು ಹಳೇ ಮೈಸೂರು ರಸ್ತೆಗೆ ತಾಗಿಕೊಂಡ ಜಾಗ. ಬಿಡದಿಯ ಒಬ್ಬ ತಟ್ಟೆ ಇಡ್ಲಿ ಹೋಟೆಲಿನವನಿಗೆ ಅದರ ಮೇಲೆ ಕಣ್ಣಿತ್ತು, ಸಾಹೇಬರ ಮಕ್ಕಳಿಗೆ ಹೋಟೆಲಿನವನ ದುಡ್ಡಿನ ಮೇಲೆ ಕಣ್ಣಿತ್ತು. ಸಾಹೇಬರು ಮಾತ್ರ ಕೊರೊನಾ ವರ್ಷದ ಶುರುವಿನಲ್ಲಿ ನನ್ನನ್ನು ಕರೆದು, "ಗೌಡ್ರೇ, ಈ ಜಾಗ ರೇಷ್ಮೆಗೇ ಇರ್ಲಿ. ನನ್ನ ರೇಟು ಹೇಳಿದೀನಿ, ಅದ್ರ ಮೇಲೆ ಒಂದ್ ಪೈಸಾ ಬೇಡ. ಆಷಾಢ ಕಳೀಲಿ, ರಿಜಿಸ್ಟ್ರು ಮಾಡ್ಸೋಣ" ಎಂದಿದ್ದರು. ಕಾಗದ ಇಲ್ಲ, ಪತ್ರ ಇಲ್ಲ. ನಮ್ಮ ಕಸುಬಿನಲ್ಲಿ ದೊಡ್ಡ ದೊಡ್ಡ ವ್ಯವಹಾರವೆಲ್ಲ ಹೀಗೇ ಬಾಯಿಮಾತಿನಲ್ಲೇ ನಡೆಯುವುದು.

ಆ ದುಡ್ಡನ್ನು ನಾನು ಒಟ್ಟು ಮಾಡುತ್ತಾ ಬಂದದ್ದು ಫಂಡಿನಲ್ಲಿ. ಷೇರಿಗೆ ಹಾಕುವ ಫಂಡಿನಲ್ಲಿ ತಿಂಗಳಿಗಿಷ್ಟು ಎಂದು ಕಟ್ಟುವ ನನ್ನದೊಂದು ಎಸ್‌ಐಪಿ ಬಹಳ ವರ್ಷದಿಂದ ನಡೆಯುತ್ತಿತ್ತು. ಆದರೆ ಶೆಡ್ಡಿನ ದುಡ್ಡನ್ನು ಅದಕ್ಕೆ ಹಾಕಲಿಲ್ಲ. ಒಂದೆರಡು ವರ್ಷದಲ್ಲಿ ಬೇಕಾಗುವ ಹಣವನ್ನು ಷೇರಿನಲ್ಲಿ ಇಡಬಾರದು ಅನ್ನುವಷ್ಟು ಬುದ್ಧಿ ನನಗೂ ಇತ್ತು. ಹಾಗಾಗಿ ಕಂಪನಿಗಳಿಗೆ ಸಾಲ ಕೊಟ್ಟು ಬಡ್ಡಿ ಪಡೆಯುವ ಡೆಟ್ ಫಂಡ್ ಹುಡುಕಿದೆ. ಚನ್ನಪಟ್ಟಣದ ಏಜೆಂಟ್ ಒಬ್ಬ, ಒಳ್ಳೆ ಹುಡುಗ, ಈಗಲೂ ನನ್ನ ಏಜೆಂಟ್ ಅವನೇ, ಟೀ ಕುಡಿಯುತ್ತಾ ಹೇಳಿದ.

"ಎಫ್‌ಡಿಗಿಂತ ಒಸಿ ಜಾಸ್ತಿ ಬತ್ತದೆ ಅಣ್ಣಾ. ಬೇಕಾದಾಗ ಬಟನ್ ಒತ್ತು, ಎರಡು ದಿನಕ್ಕೆ ಬ್ಯಾಂಕಿಗೆ ಬಂದು ಬೀಳ್ತದೆ."

"ಒಂದರಲ್ಲೇ ಎಲ್ಲಾ ಹಾಕಿದ್ರೆ?"

"ಬ್ಯಾಡ. ಮೂರಕ್ಕೆ ಹಂಚು."

ಹಂಚು ಅಂದದ್ದು ನನಗೆ ತಕ್ಷಣ ಹಿಡಿಸಿತು, ಏಕೆಂದರೆ ನಮ್ಮ ಕಸುಬೇ ಬೆರೆಸುವುದು. ಗುಡೇಮಾರನಹಳ್ಳಿ ಕಡೆಯ ಗೂಡು ಗಟ್ಟಿಯಾಗಿ ಬಂದಿದ್ದರೆ ಅದೇ ದಿನ ಇನ್ನೊಂದು ಊರಿನದು ತೆಳ್ಳಗೆ ಬಂದಿರುತ್ತದೆ. ಒಂದೇ ಲಾಟು, ಅಂದರೆ ಒಬ್ಬನೇ ರೈತನ ಮಾಲು, ನಂಬಿ ಕೂತರೆ ಒಂದು ದಿನ ನೂಲು ದಪ್ಪ, ಒಂದು ದಿನ ಸಣ್ಣ. ಅದಕ್ಕೇ ಮೂರು ನಾಲ್ಕು ಲಾಟು ತಂದು ಬೆರೆಸುತ್ತೇವೆ. ಒಂದರ ಐಬು ಇನ್ನೊಂದರಲ್ಲಿ ಮುಳುಗಿಹೋಗುತ್ತದೆ, ನೂಲು ಸಮ ಬರುತ್ತದೆ. ಒಂದೇ ಕಂಪನಿಯ ಮೂರು ಬೇರೆ ಬೇರೆ ಹೆಸರಿನ ಫಂಡುಗಳನ್ನು ಆರಿಸಿ ಮೂರಕ್ಕೂ ಸಮನಾಗಿ ಹಾಕಿದೆ. ಒಳ್ಳೆ ಮಿಕ್ಸಿಂಗ್ ಮಾಡಿದೆ ಎಂದು ಬೀಗಿದ್ದೂ ನಿಜ. ಮಾರುಕಟ್ಟೆಯಲ್ಲಿ ಗೂಡು ಸುರಿದ ಜಾಲರಿಯ ತಳದವರೆಗೆ ಕೈ ಹಾಕಿ ಒಂದು ಹಿಡಿ ಗೂಡು ಎತ್ತಿ ನೋಡದೆ ಬೆಲೆ ಕೂಗದವನು ನಾನು. ಇಲ್ಲಿ ಮೂರು ಹೆಸರು ನೋಡಿದೆ, ಕೈ ಹಾಕಲಿಲ್ಲ.

ಲಾಕ್‌ಡೌನ್ ಬಂತು. ಮಾರುಕಟ್ಟೆ ಮುಚ್ಚಿತು, ಹೆಂಗಸರು ಮನೆಯಲ್ಲಿ ಉಳಿದರು, ನೂಲು ಕೊಳ್ಳುವವರಿಲ್ಲದೆ ಮೂಟೆ ಕಟ್ಟಿ ಕೂತಿತು. ಟಿವಿಯಲ್ಲಿ ಷೇರು ಪೇಟೆ ಕುಸಿಯಿತು, ಕುಸಿಯಿತು ಎಂದು ಬಡಿದುಕೊಳ್ಳುತ್ತಿದ್ದರು. ನನ್ನ ಎಸ್‌ಐಪಿ ನೋಡಿದರೆ ಹೊಟ್ಟೆ ಉರಿಯುವಷ್ಟು ಕೆಳಗೆ. ಆದರೂ ಹೆಂಡತಿಗೆ ಹೇಳಿದೆ, "ಇರ್ಲಿ ಬುಡು. ಶೆಡ್ಡಿನ ದುಡ್ಡು ಭದ್ರವಾಗೈತೆ." ಅವಳು, "ಹಂಗಂತ ಜೋರಾಗಿ ಹೇಳ್ಬೇಡಿ" ಎಂದಳು. ಅವಳಿಗೆ ಇಂಥ ಭಯಗಳು ಜಾಸ್ತಿ.

ಗೂಡು ಕಾಯುವುದಿಲ್ಲ. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ಎಳೆ ಸಿಗುವುದಿಲ್ಲ. ಹಾಗಾಗಿ ಉಳಿದದ್ದೆಲ್ಲ ಮುಚ್ಚಿದ್ದಾಗಲೇ ಗೂಡಿನ ಮಾರುಕಟ್ಟೆಯನ್ನು ಬೇಗ ತೆರೆದರು. ತೆರೆದ ದಿನ ಸುತ್ತಲಿನ ಹಳ್ಳಿಗಳೆಲ್ಲ ಒಂದೇ ಸಲ ಬಂದು ಇಳಿದವು. ಮಾಗಡಿ ಕಡೆಯ ಒಬ್ಬ ರೈತ ತಂದಿದ್ದ ಗೂಡು ಕೈಯಲ್ಲಿ ಹಿಡಿದರೆ ಮುದ್ದಿಸಬೇಕು, ಅಷ್ಟು ಚೆನ್ನಾಗಿತ್ತು. ಬೆಲೆ ಮಾತ್ರ ಕೇಳಬೇಡಿ. ಕೊಳ್ಳುವವರು ನಾಲ್ಕು ಜನ, ಮಾರುವವರು ಊರಿಗೆ ಊರೇ. ಆ ಲಾಟನ್ನು ಹಿಡಿದವನು ನಾನೇ. ಅವನು ದುಡ್ಡು ಜೇಬಿಗೆ ಹಾಕಿಕೊಂಡು ನನ್ನ ಕಡೆ ನೋಡದೆ ಹೋದ. ನನಗೆ ಖುಷಿಯೂ ಆಯಿತು, ಮುಜುಗರವೂ ಆಯಿತು. ಖುಷಿ ಸಂಜೆವರೆಗೆ ಇತ್ತು.

ಅದಾದ ಕೆಲವೇ ದಿನಕ್ಕೆ ಏಜೆಂಟನ ಫೋನು. ಯಾವಾಗಲೂ 'ಅಣ್ಣಾ, ಹೆಂಗಿದ್ದೀಯ' ಎಂದು ಶುರು ಮಾಡುವವನು ಅವತ್ತು 'ಅಣ್ಣಾ, ಅದು...' ಎಂದು ತಡವರಿಸಿದ.

"ಏನ್ಲಾ, ಮಾತಾಡು."

"ಅಣ್ಣಾ, ಬೇಜಾರು ಮಾಡ್ಕೋಬೇಡ. ನಿನ್ನ ಡೆಟ್ ಫಂಡ್ ಬಾಗಿಲು ಹಾಕ್ಬುಟ್ರು."

"ಯಾವ್ದು?"

"ಮೂರೂ."

"ಬಾಗಿಲು ಹಾಕೋಕೆ ಅದೇನು ಅಂಗಡಿ ಏನ್ಲಾ? ದುಡ್ಡು?"

"ದುಡ್ಡು ಐತಣ್ಣಾ, ಎಲ್ಲೂ ಹೋಗಿಲ್ಲ. ತಕ್ಕೊಳೋಕಾಗಲ್ಲ ಅಷ್ಟೇ."

ಅಷ್ಟೇ ಅಂತೆ! ಫೋನಿನಲ್ಲಿ ನಾನು ಏನೇನು ಬೈದೆ ಎಂಬುದನ್ನು ಬರೆಯುವ ಹಾಗಿಲ್ಲ. ಪಾಪ, ಪೂರ್ತಿ ಕೇಳಿಸಿಕೊಂಡ. ನಡೆದದ್ದು ಇಷ್ಟು. ಭಯ ಬಿದ್ದ ಜನ ಒಟ್ಟೊಟ್ಟಿಗೆ ಹಣ ವಾಪಸ್ ಕೇಳಿದ್ದರು. ಫಂಡಿನವರು ಸಾಲ ಕೊಟ್ಟ ಕಂಪನಿಗಳಿಂದ ಹಣ ಬರುವುದಕ್ಕೆ ಇನ್ನೂ ಸಮಯವಿತ್ತು, ಆ ಸಾಲಪತ್ರಗಳನ್ನು ಬೇರೆಯವರಿಗೆ ಮಾರೋಣ ಎಂದರೆ ಆ ಹೊತ್ತಿನಲ್ಲಿ ಕೊಳ್ಳುವವರಿಲ್ಲ. ಅದಕ್ಕೆ ಫಂಡನ್ನೇ ಮುಚ್ಚಿ, ಸಾಲ ವಸೂಲಾದ ಹಾಗೆ ಹಂಚುತ್ತೇವೆ ಎಂದು ಪ್ರಕಟಿಸಿದರು. ಯಾವಾಗ? ಅದನ್ನು ಯಾರೂ ಹೇಳಲಿಲ್ಲ.

ಕಂಪನಿಯವರು ತಿಂಗಳಿಗೊಮ್ಮೆ, ಎಲ್ಲೆಲ್ಲಿಗೆ ಸಾಲ ಕೊಟ್ಟಿದ್ದೇವೆ ಎಂದು ಪ್ರಕಟಿಸುತ್ತಾರೆ. ನಾನು ಅದನ್ನು ಒಂದು ದಿನವೂ ತೆರೆದವನಲ್ಲ. ಈಗ ಹೆಂಡತಿ ಮೊಬೈಲ್ ಹಿಡಿದು ಮೂರನ್ನೂ ಗಟ್ಟಿಯಾಗಿ ಓದಿದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ನನಗೆ ಅರ್ಥವಾಯಿತು. ಮೊದಲನೆಯದರಲ್ಲಿ ಕೇಳಿದ ಹೆಸರುಗಳೇ ಎರಡನೆಯದರಲ್ಲಿ, ಅವೇ ಮೂರನೆಯದರಲ್ಲಿ. ಮೂರು ಜಾಲರಿಯಲ್ಲಿ ಸುರಿದಿದ್ದು ಒಂದೇ ಮನೆಯ ಗೂಡು. ಅದನ್ನು ನಾನು ಬೆರೆಸಿ ಬೆರೆಸಿ ಸಮ ಮಾಡಿದ್ದೆ! ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬೆರೆಸುವವನಿಗೆ ಲಾಟು ಬೇರೆ ಬೇರೆ ಊರಿನದೇ ಎಂದು ಮೊದಲು ಗೊತ್ತಿರಬೇಕು. ಮಾರುಕಟ್ಟೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು, ಮನೆಗೆ ಬಂದು ಅಂಗಿ ಬಿಚ್ಚಿದ ಕೂಡಲೇ ನನಗೆ ಮರೆತುಹೋಗಿತ್ತು.

ಆಷಾಢ ಬಂತು. ಸಾಹೇಬರ ಮನೆಗೆ ಹೋಗಿ ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಅವರಿಗೆ ಫಂಡು ಗಿಂಡು ಗೊತ್ತಿಲ್ಲ. "ದುಡ್ಡು ಐತೆ, ಕೈಗೆ ಸಿಕ್ಕಲ್ಲ. ಇದೇನು ಗೌಡ್ರೇ, ಜಿನ್ನು ಕಾಯ್ತಾ ಐತಾ ಅದನ್ನ?" ಎಂದು ನಕ್ಕರು. ಆ ನಗುವಿನಿಂದ ಧೈರ್ಯ ಬಂದು ನಾನು ಮಾಡಬಾರದ ತಪ್ಪು ಮಾಡಿದೆ.

"ಸಾಹೇಬ್ರೇ, ಎಷ್ಟು ತಿಂಗಳು ತಡ ಆಯ್ತದೋ ಅಷ್ಟಕ್ಕೂ ಬಡ್ಡಿ ಸೇರಿಸಿ ಕೊಡ್ತೀನಿ. ಬ್ಯಾಂಕ್ ಬಡ್ಡಿಗಿಂತ ಜಾಸ್ತಿನೇ ಕೊಡ್ತೀನಿ."

ಸಾಹೇಬರ ಮುಖ ಬಾಡಿತು. "ಹಜ್ ಮಾಡಿ ಬಂದವ್ನ ಮುಂದೆ ಬಡ್ಡಿ ಮಾತಾಡ್ತೀರಲ್ಲ. ನಮ್ಗೆ ಅದು ಹರಾಮ್ ಕಣಪ್ಪ."

ನನಗೆ ನಾಚಿಕೆಯಾಯಿತು. ಅವರ ಜೊತೆ ಅಷ್ಟು ವರ್ಷ ವ್ಯವಹಾರ ಮಾಡಿದವನು, ಇದು ಗೊತ್ತಿರಬೇಕಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ತಡಕ್ಕೆ ಒಂದು ಬೆಲೆ ಕಟ್ಟಿ ಉಸಿರಾಡಬಹುದಿತ್ತು. ಇಲ್ಲಿ ಆ ಕಿಟಕಿಯೂ ಇಲ್ಲ. ಕೊನೆಗೆ ಸಾಹೇಬರೇ ಹೇಳಿದರು, "ಬಾಡಿಗೆ ಕೊಡ್ತಾ ಇರಿ, ಅದು ಹಲಾಲ್. ಈ ವರ್ಷ ಮುಗಿಯೋಗಂಟ ಮಕ್ಕಳನ್ನ ನಾನು ತಡೀತೀನಿ. ಆಮೇಲೆ ನನ್ನ ಕೈಯಾಗಿಲ್ಲ. ಹೋಟೆಲಿನವನು ಡಬಲ್ ಹೇಳ್ತಾ ಅವ್ನೆ."

ಆ ವರ್ಷದ ಉಳಿದ ತಿಂಗಳುಗಳು ಹೇಗಿದ್ದವು ಎಂದರೆ, ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಆ್ಯಪ್ ತೆರೆಯುತ್ತಿದ್ದೆ. ಎನ್‌ಎವಿ, ಅಂದರೆ ನನ್ನ ಒಂದು ಯೂನಿಟ್ಟಿನ ಬೆಲೆ, ದಿನವೂ ತೋರಿಸುತ್ತಿತ್ತು. ತೋರಿಸುವುದೇನು, ಅದು ಏರುತ್ತಲೂ ಇತ್ತು. ಅದರ ಕೆಳಗೆ ಹಣ ವಾಪಸ್ ಪಡೆಯುವ ಬಟನ್ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆದರೂ ಒತ್ತುತ್ತಿದ್ದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಕಟ್ಟಿದವನಿಗೆ ಇಂಥದ್ದೇ ಏನೋ ಆಗಿರಬೇಕು. ಹಣ ಹಾಕಿದ ಕೆಲವರು ಕೋರ್ಟಿಗೆ ಹೋದರು, ಮೊಕದ್ದಮೆ ಅಲ್ಲಿಂದ ಮೇಲಿನ ಕೋರ್ಟಿಗೆ ಹೋಯಿತು. ಹಣ ಕಳೆದುಕೊಂಡವನಿಗೆ ಅಳುವುದಕ್ಕಾದರೂ ಒಂದು ಕಾರಣ ಇರುತ್ತದೆ. ನನ್ನದು ಕಳೆದಿಲ್ಲ, ಬೆಳೆಯುತ್ತಿದೆ, ಸಿಗುತ್ತಿಲ್ಲ. ಯಾರ ಹತ್ತಿರ ಹೇಳಿಕೊಂಡರೂ, "ಮತ್ತೆ ಬೆಳೀತಾ ಐತಲ್ಲ, ಅದ್ಯಾಕೆ ಒದ್ದಾಡ್ತೀಯ?" ಎನ್ನುತ್ತಿದ್ದರು. ಅವರ ಕೆನ್ನೆಗೆ ಬಿಡೋಣ ಅನ್ನಿಸುತ್ತಿತ್ತು.

ಫಂಡಿಗೆ ಬೀಗ ಬಿದ್ದ ಮರುತಿಂಗಳೇ ಗೂಡು ಹಿಡಿಯಲು ಕಾಸಿಲ್ಲದಂತಾಗಿತ್ತು. ನೂಲು ಅರ್ಧಬೆಲೆಗೂ ಹೋಗುತ್ತಿರಲಿಲ್ಲ, ಹತ್ತು ಮನೆಗಳಿಗೆ ವಾರದ ಕೂಲಿ ಹೋಗಬೇಕಿತ್ತು. ಉಳಿದಿದ್ದ ಒಂದೇ ದಾರಿ ಷೇರಿನ ಫಂಡು. ಅಪಾಯದ್ದು, ಬೇಗ ಬೇಕಾಗುವ ದುಡ್ಡು ಹಾಕಬೇಡ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದ ಫಂಡಿನ ಬಾಗಿಲು ತೆರೆದೇ ಇತ್ತು. ಭದ್ರವಾದದ್ದು ಎಂದು ಆರಿಸಿದ್ದಕ್ಕೆ ಬೀಗ ಬಿದ್ದಿತ್ತು. ನಾನು ಮಾರಿದ ದಿನ ಬೆಲೆ ಪಾತಾಳದಲ್ಲಿತ್ತು. ಬೀಳುವಾಗ ಮಾರಬಾರದು ಎಂದು ನಾನೇ ಚಹಾದಂಗಡಿಯಲ್ಲಿ ಭಾಷಣ ಮಾಡಿದವನು. ಏಜೆಂಟ್ ಈಗಲೂ ಸಿಕ್ಕಾಗಲೆಲ್ಲ, "ಅವತ್ತು ಮಾರದೆ ಇದ್ದಿದ್ರೆ ಅಣ್ಣಾ..." ಎಂದು ರಾಗ ಎಳೆಯುತ್ತಾನೆ. ಮಾರದೆ ಇದ್ದಿದ್ದರೆ ಹತ್ತು ಒಲೆ ಉರಿಯುತ್ತಿರಲಿಲ್ಲ. ಇದರ ಬಗ್ಗೆ ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ. ಹಿಡಿದು ಕೂರುವುದು ದೊಡ್ಡ ಗುಣ ಎನ್ನುವವರು ಹೊಟ್ಟೆ ತುಂಬಿದ ಮೇಲೆ ಮಾತಾಡುತ್ತಿರುತ್ತಾರೆ.

ವರ್ಷದ ಕೊನೆಗೆ ಒಂದು ಸುದ್ದಿ ಬಂತು. ಹಣ ಹಾಕಿದವರೆಲ್ಲ ಮತ ಹಾಕಬೇಕಂತೆ. ಮೊಬೈಲಿಗೆ ಒಂದು ಲಿಂಕ್ ಬರುತ್ತದೆ, ಒಟಿಪಿ ಹಾಕಿದರೆ ಪ್ರಶ್ನೆ ಕಾಣಿಸುತ್ತದೆ. ಫಂಡನ್ನು ಮುಚ್ಚಲು ಒಪ್ಪಿಗೆಯೇ, ಹೌದೋ ಅಲ್ಲವೋ. ಅಲ್ಲ ಎಂದು ಹೆಚ್ಚು ಜನ ಒತ್ತಿದರೆ ಫಂಡು ಮತ್ತೆ ತೆರೆಯುತ್ತದೆ. ತೆರೆದ ಕೂಡಲೇ ಎಲ್ಲರೂ ನುಗ್ಗುತ್ತಾರೆ, ಫಂಡಿನವರು ಇದ್ದಬದ್ದ ಸಾಲಪತ್ರವನ್ನು ಸಿಕ್ಕ ಬೆಲೆಗೆ ಮಾರಿ ಕೊಡಬೇಕಾಗುತ್ತದೆ. ಸಿಕ್ಕಷ್ಟು ಸಿಗುತ್ತದೆ, ಆದರೆ ಬೇಗ ಸಿಗುತ್ತದೆ. ಹೌದು ಎಂದು ಒತ್ತಿದರೆ ಮುಚ್ಚಿದ್ದು ಮುಚ್ಚಿದ ಹಾಗೇ ಇದ್ದು, ಸಾಲ ವಸೂಲಾದಂತೆ ಕಂತು ಕಂತಾಗಿ ಬಹುಶಃ ಪೂರ್ತಿ ಬರುತ್ತದೆ. ಯಾವಾಗ ಎಂದು ಕೇಳುವಂತಿಲ್ಲ.

ಗೂಡಿನ ಮಾರುಕಟ್ಟೆ ಎದುರಿನ ಟೀ ಅಂಗಡಿಯಲ್ಲಿ ಇದೇ ಚರ್ಚೆ. ನಮ್ಮ ಏಜೆಂಟನ ಕೈಯಲ್ಲಿ ದುಡ್ಡು ಹಾಕಿದ್ದ, ನನ್ನ ಹಾಗೇ ನೂಲು ಬಿಚ್ಚುವ ಇನ್ನೊಬ್ಬ ರೀಲರ್ ಗ್ಲಾಸು ಕುಟ್ಟಿ ಹೇಳಿದ, "ಮುಚ್ಚೋಕೆ ನಾವೇ ಹೂಂ ಅನ್ನಬೇಕಾ? ಯಾವನ್ಲಾ ಅನ್ನೋನು? ಅರ್ಧ ಸಿಕ್ಕಿದ್ರೂ ಸಾಕು, ಕಿತ್ಕೊಂಡು ಬರಾನ." ನನಗೂ ಅದೇ ಬೇಕಿತ್ತು. ಮುಕ್ಕಾಲು ಪಾಲು ಕೈಗೆ ಬಂದರೂ, ಮೇಲೆ ಹೆಂಡತಿಯ ಒಡವೆ ಇಟ್ಟು ಸಾಹೇಬರ ರೇಟು ಮುಟ್ಟಿಸಬಹುದಿತ್ತು. ವರ್ಷ ಮುಗಿಯುವುದಕ್ಕೆ ಕೆಲವೇ ದಿನಗಳು ಉಳಿದಿದ್ದವು. ಅಲ್ಲ ಎಂದು ಒತ್ತಿಬಿಡುವುದೇ ಸರಿ ಎಂದು ಗಟ್ಟಿ ಮಾಡಿಕೊಂಡು ಮನೆಗೆ ಬಂದೆ.

ಹೆಂಡತಿ ಪಕ್ಕದಲ್ಲಿ ಕೂತಳು. ಲಿಂಕ್ ತೆರೆದೆ, ಒಟಿಪಿ ಬಂತು. ಆಗ ನನಗೆ ಆ ಮಾಗಡಿ ರೈತ ನೆನಪಾದ. ಬಾಗಿಲು ತೆರೆದ ದಿನ ಎಲ್ಲರೂ ಒಟ್ಟಿಗೆ ನುಗ್ಗಿದರೆ ಒಳ್ಳೆ ಗೂಡಿಗೂ ಏನು ಗತಿಯಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೆ. ಕಂಡದ್ದಷ್ಟೇ ಅಲ್ಲ, ಅವತ್ತು ಕೊಂಡವನೇ ನಾನು. ಆ ರೈತನಿಗಾದರೆ ಬೇರೆ ದಾರಿ ಇರಲಿಲ್ಲ, ಕಾದರೆ ಚಿಟ್ಟೆ ಹಾರಿಹೋಗುತ್ತಿತ್ತು. ಸಾಲಪತ್ರದೊಳಗೆ ಚಿಟ್ಟೆ ಇರುವುದಿಲ್ಲ. ಕಾಯಬಹುದಾದ ಮಾಲನ್ನು ಕಾಯಲಾರದ ಮಾಲಿನ ಬೆಲೆಗೆ ಯಾರದೋ ಕೈಗೆ ಕೊಡುವುದು ನನ್ನಿಂದಾಗಲಿಲ್ಲ. ಯಾವನೋ ಒಬ್ಬ ನಾಲ್ಕು ಜನರಲ್ಲಿ ನಿಂತು ನನ್ನ ಲಾಟು ಹಿಡಿದು, ಸಂಜೆವರೆಗೆ ಖುಷಿ ಪಡುತ್ತಾನಲ್ಲ ಎಂದು ಸಿಟ್ಟೂ ಬಂತು.

"ಹೌದು ಅಂತ ಒತ್ತೀನಿ" ಎಂದೆ.

"ಶೆಡ್ಡು?" ಎಂದಳು.

ನನ್ನ ಒಂದು ಮತದಿಂದ ಆಕಾಶ ಬೀಳುತ್ತಿರಲಿಲ್ಲ, ಏಳುತ್ತಲೂ ಇರಲಿಲ್ಲ, ನಿಜ. ಆದರೆ ಹೌದು ಎನ್ನುವುದಕ್ಕೆ ಬೆರಳು ಇಟ್ಟಾಗ ನಾನು ಶೆಡ್ಡಿನ ಮೇಲಿನಿಂದ ಕೈ ತೆಗೆದೆ ಎಂದು ನನಗೆ ಗೊತ್ತಿತ್ತು. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಆ ರಾತ್ರಿ ಊಟಕ್ಕೆ ಕರೆಯಲಿಲ್ಲ, ನಾನೇ ಹೋಗಿ ಬಡಿಸಿಕೊಂಡೆ. ಎಣಿಕೆ ಮುಗಿದಾಗ ನನ್ನ ಹಾಗೇ ಒತ್ತಿದವರು ಬಹಳ ಜನ ಇದ್ದರು ಎಂದು ತಿಳಿಯಿತು. ಫಂಡು ಮುಚ್ಚಿಯೇ ಉಳಿಯಿತು.

ಅದು ತಿಳಿದ ಮರುದಿನವೇ ಸಾಹೇಬರ ಹತ್ತಿರ ಹೋದೆ. ಅವರ ಹಿರಿಯ ಮಗನೂ ಅಲ್ಲಿದ್ದ. ಒಳ್ಳೆಯ ಮಾತಿನಲ್ಲೇ, "ಅಂಕಲ್, ಅಬ್ಬಾ ಮಾತು ಕೊಟ್ಟಿದ್ದು ಆಷಾಢದ ಗಂಟ. ಈಗ ಸಂಕ್ರಾಂತಿ ಬತ್ತಾ ಐತೆ. ನಾವೂ ಎಷ್ಟು ದಿನ ಅಂತ ಸುಮ್ಕಿರೋದು?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಾಹೇಬರು ಕೈಯಲ್ಲಿದ್ದ ತಸ್ಬಿಯ ಜಪಮಣಿ ಪಕ್ಕಕ್ಕಿಟ್ಟು, "ಮೊದಲ್ನೇ ಕಂತು ಯಾವಾಗ ಬರ್ಬೋದು?" ಎಂದು ಕೇಳಿದರು.

"ಹೊಸ ವರ್ಷದ ಶುರುವಿಗೆ ಅಂತಾರೆ. ಅರ್ಧದಷ್ಟು ಬಂದ್ರೆ ಬರ್ಬೋದು ಸಾಹೇಬ್ರೇ."

"ಹಂಗಾದ್ರೆ ಅರ್ಧ ಜಾಗ ತಕ್ಕೊಳ್ಳಿ. ನನ್ನ ಹಳೇ ರೇಟಿಗೇ. ಬಾಕಿ ಅರ್ಧ ಮಕ್ಕಳದು, ಅವರಿಗೆ ಯಾರು ಬೇಕೋ ಅವರಿಗೆ ಕೊಟ್ಕೊಳ್ಳಿ." ಮಗನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಅವನು ತಲೆ ತಗ್ಗಿಸಿದ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಇಷ್ಟೇ ಆಗೋದು ಗೌಡ್ರೇ, ಮಾಫ್ ಮಾಡಿ" ಎಂದರು. ಕ್ಷಮೆ ಕೇಳಬೇಕಾದವನು ನಾನು. ಕಣ್ಣೀರು ಕೆನ್ನೆಗಿಳಿಯಿತು, ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಮೊದಲ ಕಂತು ಹೇಳಿದ ಹೊತ್ತಿಗೇ ಬಂತು, ಶೆಡ್ಡಿನ ಹಿಂಭಾಗದ ಅರ್ಧ ನನ್ನ ಹೆಸರಿಗೆ ರಿಜಿಸ್ಟರ್ ಆಯಿತು. ಬಾಯ್ಲರ್, ನೀರಿನ ಟ್ಯಾಂಕ್, ಗೂಡು ಬೇಯಿಸುವ ತೊಟ್ಟಿ ಎಲ್ಲ ಆ ಕಡೆಯೇ ಇದ್ದದ್ದರಿಂದ ಅದನ್ನೇ ಇಟ್ಟುಕೊಂಡೆ. ರಸ್ತೆ ಕಡೆಯ ಅರ್ಧ ಹೋಟೆಲಿನವನಿಗೆ ಹೋಯಿತು, ಅದರ ಜೊತೆಗೆ ಐದು ಬೇಸಿನ್ ನಿಂತಿದ್ದ ಜಾಗವೂ ಹೋಯಿತು. ಮೇಸ್ತ್ರಿ ಬಂದು ಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದ. ಗೆರೆಯ ಆಚೆ ಐವರು, ಈಚೆ ಐವರು. ರಾಟೆಗಳು ತಿರುಗುತ್ತಲೇ ಇದ್ದವು.

ಮೊದಲನೇ ಬೇಸಿನ್ನಿನವಳು ಗೆರೆಯ ಆಚೆ ಇದ್ದಳು. ನನ್ನ ಘಟಕದಲ್ಲಿ ಅವಳಷ್ಟು ಸಮನಾದ ನೂಲು ಎತ್ತುವವರು ಇನ್ನೊಬ್ಬರಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, "ನೀನು ಈಚೆ ಬಾ. ಇಲ್ಲಿಂದ ಒಬ್ಬರನ್ನ ಕಳುಹಿಸ್ತೀನಿ" ಎಂದೆ.

"ಯಾರನ್ನ ಕಳುಸ್ತೀಯ?"

ನಾನು ಈಚೆಯ ಐವರ ಕಡೆ ತಿರುಗಿ ನೋಡಿದೆ.

"ಹೆಸರು ಹೇಳೋಕೆ ನಿಂಗೇ ಬಾಯಿ ಬರ್ತಿಲ್ಲ. ಅವಳು ಎದ್ದ ಜಾಗದಾಗೆ ನಾನೆಂಗೆ ಕೂರ್ಲಿ? ಆ ನೀರಿಗೆ ಕೈ ಹಾಕಿದ್ರೆ ಸುಡಾಕಿಲ್ವಾ?" ಎಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆಂದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ವಾರದ ಕೊನೆಗೆ ಐದೂ ಜನ ಒಟ್ಟಿಗೆ ಹೋದರು. ನಾನು ಬಾಗಿಲಿಗೂ ಹೋಗಲಿಲ್ಲ, ಬಾಯ್ಲರ್ ನೋಡುತ್ತಿದ್ದೇನೆ ಎಂಬ ನೆಪದಲ್ಲಿ ಒಳಗೇ ನಿಂತಿದ್ದೆ.

ಗೋಡೆ ಎದ್ದಿತು. ನಮಗೆ ಹಿಂದಿನ ಓಣಿಯ ಕಡೆ ಹೊಸ ಬಾಗಿಲು ಇಟ್ಟೆವು. ಆ ಕಡೆ ಹೋಟೆಲ್ ಶುರುವಾಯಿತು. ಅವನಿಗೆ ನನ್ನ ಗೂಡು ಬೇಯುವ ವಾಸನೆ ಕಾಟ, ನನಗೆ ಅವನ ಗ್ರೈಂಡರ್ ಸದ್ದಿನ ಕಾಟ. "ನಿಮ್ಮ ಹುಳದ ನಾತಕ್ಕೆ ನಮ್ಮ ಗಿರಾಕಿ ಓಡ್ತಾರೆ" ಎಂದು ಜಗಳಕ್ಕೆ ಬಂದ. "ಈ ನಾತ ನಿನ್ನ ಇಡ್ಲಿಗಿಂತ ಮೊದ್ಲೇ ಇಲ್ಲಿತ್ತು ಕಣಯ್ಯಾ" ಎಂದೆ. ಐದು ಬೇಸಿನ್ನಿನಲ್ಲಿ ಖರ್ಚು ಹುಟ್ಟುವುದೇ ಕಷ್ಟ. ಹತ್ತಕ್ಕೆಂದು ಹಾಕಿಸಿದ ಬಾಯ್ಲರ್ ಐದಕ್ಕೂ ಅಷ್ಟೇ ಸೌದೆ ತಿನ್ನುತ್ತದೆ.

ಆಮೇಲೆ ಎರಡನೆಯ ಕಂತು ಬಂತು, ಮೂರನೆಯದು ಬಂತು. ಹೀಗೆ ಬರುತ್ತಾ ಬರುತ್ತಾ ಪೂರ್ತಿ ಬಂತು. ಬರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು. ಅಲ್ಲ ಎಂದು ಒತ್ತಿ ಬೈದಾಡಿದ್ದ ರೀಲರ್ ಟೀ ಅಂಗಡಿಯಲ್ಲಿ ನನ್ನ ಬೆನ್ನು ತಟ್ಟಿ, "ನೀನೇ ಸರಿ ಕಣ್ಲಾ, ಕಾದಿದ್ದಕ್ಕೆ ಬಂತು" ಎಂದು ಟೀ ಕೊಡಿಸಿದ. ಏಜೆಂಟ್ ಈಗ ಹೊಸಬರಿಗೆಲ್ಲ ನನ್ನ ಉದಾಹರಣೆ ಕೊಡುತ್ತಾನಂತೆ, ತಾಳ್ಮೆ ಅಂದರೆ ಈ ಅಣ್ಣನ ಹಾಗೆ ಇರಬೇಕು ಅಂತ. ತಾಳ್ಮೆಯಂತೆ, ತಾಳ್ಮೆ! ಬೀಗ ಹಾಕಿದ ಕೋಣೆಯಲ್ಲಿ ಕೂತವನನ್ನು ನೋಡಿ ಏನು ಸ್ಥಿರ ಮನಸ್ಸಪ್ಪಾ ಎಂದ ಹಾಗಾಯಿತು. ಆರಿಸಿದ್ದು ತಪ್ಪು, ಕಾದದ್ದು ಸರಿ. ಇವೆರಡೂ ಒಂದೇ ಮನುಷ್ಯನ ಕೆಲಸ. ಲೆಕ್ಕದಲ್ಲಿ ನಾನು ಗೆದ್ದಿದ್ದೇನೆ, ಇಲ್ಲ ಎನ್ನುವುದಿಲ್ಲ.

ಕೊನೆಯ ಕಂತು ಬಂದ ವಾರ ಒಂದು ಮಧ್ಯಾಹ್ನ ಶೆಡ್ಡಿನಲ್ಲಿದ್ದೆ. ಗೋಡೆ ಸೂರಿನ ತನಕ ಮುಟ್ಟಿಲ್ಲ, ಮೇಲೆ ಗೇಣುದ್ದ ಸಂದಿ ಇದೆ. ಆ ಕಡೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಸದ್ದಿನ ನಡುವೆ ಒಂದು ದನಿ ಕೇಳಿಸಿತು.

"ಅಣ್ಣಾ, ಇದ್ದೀಯಾ?"

ಮೊದಲನೇ ಬೇಸಿನ್ನಿನವಳ ದನಿ. ಅವಳು ಆ ಹೋಟೆಲಿಗೆ ಕೆಲಸಕ್ಕೆ ಸೇರಿದ್ದಾಳೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

"ಇದ್ದೀನಿ ಕಣಮ್ಮಾ."

"ನಿನ್ನ ದುಡ್ಡು ಬಂತಂತೆ?"

"ಬಂತು."

"ಎಲ್ಲಾ ಬಂತಾ?"

"ಎಲ್ಲಾ ಬಂತು. ಒಸಿ ಜಾಸ್ತೀನೇ ಬಂತು."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಹಂಗಾದ್ರೆ ಈ ಗೋಡೆ ಯಾವತ್ತು ಒಡುಸ್ತೀಯ?"

ಈ ಕಡೆಯ ಐದು ಜನ ಹೆಂಗಸರೂ ಎಳೆ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು.